ಫಲಪುಷ್ಪಪ್ರದರ್ಶನದ ನಿಯಮವಿಚಾರ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ಹೇಳುವುದು ನಮ್ಮ ಪೂರ್ವಿಕರ ಪದ್ಧತಿ. ಪ್ರಕೃತ ಲೇಖನದ ವಿಷಯವು ಮನೆಯ ಹಿತ್ತಿಲಿನಲ್ಲಿ ಬೆಳೆದ ಹೂವು, ಕಾಯಿ, ಹಣ್ಣುಗಳನ್ನು ಫಲಪುಷ್ಪಪ್ರದರ್ಶನದ ಸ್ಪರ್ಧೆಗೆ ಒಪ್ಪಿಸುವ ಕ್ರಮ. ಒಂದು ಬದನೆಯ ಗಿಡವನ್ನಾದರೂ ಕೈಯಾರೆ ನೀರೆರೆದು ಬೆಳೆಸಿದವನು ಇದಕ್ಕೆ ಅಧಿಕಾರಿ. ಪ್ರಯೋಜನವು ಬಹುಮಾನವೆಂದು ಮೇಲುನೋಟಕ್ಕೆ ತೋರುವುದಾದರೂ, ಅದಕ್ಕಿಂತ ದೊಡ್ಡದೊಂದು ಪ್ರಯೋಜನವುಂಟೆಂಬುದನ್ನು ಲೇಖನದ ಕೊನೆಯಲ್ಲಿ ತೋರಿಸಲು ಯತ್ನಿಸುವೆನು. ಇಂತಹ ಲೌಕಿಕವಿಷಯಕ್ಕೆ ವಿದ್ವತ್ಪತ್ರಿಕೆಯಲ್ಲಿ ಸ್ಥಳವೇಕೆಂದು ಕೆಲವರು ಆಕ್ಷೇಪಿಸಬಹುದು. ವಾಕ್ಯಾರ್ಥವನ್ನು ಸರಿಯಾಗಿ ತಿಳಿಯದೆ ನಷ್ಟಪಟ್ಟವನಿಗೆ ಬದನೆಯ ಕಾಯಿಯೂ ಶಾಸ್ತ್ರವಿಷಯವೇ ಆಗುವುದೆಂಬುದು ನನ್ನ ಅನುಭವ.

೧. ಪೂರ್ವಪೀಠಿಕೆ

ಗಿಡಮರಗಳನ್ನು ಬೆಳೆಸುವ ವಿದ್ಯೆಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸುರಪಾಲನು ಅದೇ ಹೆಸರಿನ ಸ್ವತಂತ್ರ ಗ್ರಂಥವನ್ನು ರಚಿಸಿದನು. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಈ ವಿಷಯವನ್ನು ಸೇರಿಸಿದನು. ಈ ಗ್ರಂಥಗಳಲ್ಲಿ ಬೀಜಸಂಸ್ಕಾರ, ನೆಡುವ ಕ್ರಮ, ಗೊಬ್ಬರ, ವೃಕ್ಷರೋಗಚಿಕಿತ್ಸೆ ಮೊದಲಾದುವೇ ಮುಖ್ಯವಾಗಿವೆ. ಬೆಳೆದುದನ್ನು ಒಂದೆಡೆ ಸಾಲಾಗಿಟ್ಟು, ಇದು ಉತ್ತಮ, ಇದು ಮಧ್ಯಮ ಎಂದು ನಿರ್ಣಯಿಸುವ ಕ್ರಮಕ್ಕೆ ಹೋಲಿಕೆಯನ್ನು ಹುಡುಕುವುದಾದರೆ ರತ್ನಪರೀಕ್ಷೆಯ ಪ್ರಕರಣಗಳನ್ನು ನೋಡಬೇಕು. ವಜ್ರಮೌಕ್ತಿಕಗಳ ಆಕಾರ, ಕಾಂತಿ, ಬಿರುಕು, ಚುಕ್ಕೆಗಳನ್ನು ವಿವೇಚಿಸಿದ ಆ ಕಣ್ಣನ್ನೇ ತೋಟದ ಫಲದ ಮೇಲೆ ತಿರುಗಿಸಿದರೆ ಪ್ರದರ್ಶನದ ಪರೀಕ್ಷೆಯಾಗುವುದು.

ಈಗಿರುವ ರೂಪದ ಸ್ಪರ್ಧೆಯು ತೋಟಗಾರಿಕಾ ಸಂಘಗಳ ಮೂಲಕ ನಮ್ಮಲ್ಲಿಗೆ ಬಂದಿತು. ಲಂಡನ್ನಿನಲ್ಲಿ ಅಂತಹ ಸಂಘವು ೧೮೦೪ರಲ್ಲಿಯೂ, ಕಲ್ಕತ್ತೆಯಲ್ಲಿ ವಿಲಿಯಂ ಕೇರಿಯ ಪ್ರಯತ್ನದಿಂದ ೧೮೨೦ರಲ್ಲಿಯೂ ಸ್ಥಾಪಿತವಾದುವು. ೧೭೬೦ರಲ್ಲಿ ಹೈದರಾಲಿಯಿಂದ ಆರಂಭವಾದ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಜಾನ್ ಕ್ಯಾಮರನ್ನನು ಮೇಲ್ವಿಚಾರಕನಾಗಿದ್ದಾಗ, ೧೮೮೯ನೆಯ ನವೆಂಬರ್ ೩೦ರಂದು ಗಾಜಿನ ಮನೆಗೆ ಅಸ್ತಿಭಾರವನ್ನಿಟ್ಟರು. ೧೯೦೮ರಿಂದ ೧೯೩೨ರವರೆಗೆ ಅಲ್ಲಿ ಅಧಿಕಾರದಲ್ಲಿದ್ದ ಕ್ರುಂಬಿಗಲ್ಲರ ಕಾಲದಲ್ಲಿ ತೋಟಗಾರಿಕೆಯು ಸಾಮಾನ್ಯಗೃಹಸ್ಥರ ಅಭಿರುಚಿಯನ್ನೂ ಸೆಳೆಯಿತು. ಈಗ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ವರ್ಷಕ್ಕೆರಡು ಬಾರಿ ಅದೇ ಗಾಜಿನ ಮನೆಯಲ್ಲಿ ಪ್ರದರ್ಶನವು ನಡೆಯುತ್ತಿರುವುದೂ, ಮೈಸೂರಿನಲ್ಲಿ ದಸರೆಯ ಅಂಗವಾಗಿ ಫಲಪುಷ್ಪಪ್ರದರ್ಶನವು ಏರ್ಪಡುವುದೂ ವಾಚಕರಿಗೆ ವಿದಿತವೇ ಆಗಿದೆ. ಇವನ್ನು ನೋಡಿ ಸಣ್ಣ ಪಟ್ಟಣಗಳಲ್ಲಿಯೂ ಅಂತಹ ಸ್ಪರ್ಧೆಗಳು ನಡೆಯುತ್ತಿವೆ.

೨. ನಿಯಮವಾಕ್ಯಗಳ ಅರ್ಥನಿರ್ಣಯ

ಸ್ಪರ್ಧೆಗೆ ಮೊದಲು ಸಂಘದವರು ಒಂದು ಪಟ್ಟಿಯನ್ನು ಪ್ರಕಟಿಸುವರು. ಅದರಲ್ಲಿ ವಿಭಾಗಗಳೂ, ಒಂದೊಂದು ವಿಭಾಗಕ್ಕೆ ಬೇಕಾದ ವಸ್ತುಗಳ ಸಂಖ್ಯೆಯೂ, ಒಪ್ಪಿಸತಕ್ಕ ವೇಳೆಯೂ ಇರುವುವು. ಹೆಚ್ಚು ಮಂದಿ ಸೋಲುವುದು ಈ ಪಟ್ಟಿಯನ್ನು ಓದುವುದರಲ್ಲಿಯೇ ಹೊರತು ಬೆಳೆಯುವುದರಲ್ಲಲ್ಲ. ನಾನೂ ಹಾಗೆಯೇ ಸೋತವನು.

ಕೆಲವು ವರ್ಷಗಳ ಹಿಂದೆ ಒಂದು ಸ್ಥಳೀಯ ಪ್ರದರ್ಶನದಲ್ಲಿ ‘ಬದನೆಯ ಕಾಯಿ, ಆರು’ ಎಂಬ ವಿಭಾಗಕ್ಕೆ ನಾನು ಏಳು ಕಾಯಿಗಳನ್ನಿಟ್ಟೆನು. ಕೊಡುವಾಗ ಎಣಿಕೆಗೆ ಸರಿಯಾಗಿ ನಿಲ್ಲಿಸದೆ ಮೇಲೊಂದನ್ನು ಸೇರಿಸುವುದು ನಮ್ಮ ಮನೆಯ ವಾಡಿಕೆ. ಪರೀಕ್ಷಕರು ನನ್ನ ತಟ್ಟೆಯ ಮೇಲೆ ‘ನಿಯಮಾನುಸಾರವಾಗಿಲ್ಲ’ ಎಂಬ ಚೀಟಿಯನ್ನಿಟ್ಟು ಮುಂದೆ ಹೋದರು. ಅಧಿಕವಾಗಿ ಕೊಟ್ಟುದು ದೋಷವೆಂತಾಯಿತೆಂದು ಅಂದು ನನಗೆ ಬಹಳ ಕೋಪ ಬಂದಿತು. ರಾತ್ರಿ ಶಾಂತವಾಗಿ ಯೋಚಿಸಿದಾಗ, ಮೀಮಾಂಸೆಯನ್ನು ಪಾಠ ಹೇಳುವ ನಾನೇ ಮೀಮಾಂಸೆಯನ್ನು ಮರೆತೆನೆಂಬುದು ತಿಳಿಯಿತು.

ವಿಧಿವಾಕ್ಯದಲ್ಲಿ ಕಂಡ ಸಂಖ್ಯೆಯು ಎಲ್ಲಿ ವಿವಕ್ಷಿತ, ಎಲ್ಲಿ ಅವಿವಕ್ಷಿತ ಎಂಬುದನ್ನು ಮೀಮಾಂಸಕರು ಎರಡು ನ್ಯಾಯಗಳಿಂದ ನಿರ್ಣಯಿಸುವರು. ಗ್ರಹವೆಂಬ ಸೋಮಪಾತ್ರೆಯನ್ನು ಒರೆಸಬೇಕೆಂಬಲ್ಲಿ ಪಾತ್ರೆಯು ಏಕವಚನದಲ್ಲಿದ್ದರೂ ಅದು ಸಂಸ್ಕಾರಕ್ಕೆ ಉದ್ದೇಶ್ಯವಾದುದರಿಂದ ಏಕತ್ವವು ವಿವಕ್ಷಿತವಲ್ಲ. ಎಲ್ಲ ಪಾತ್ರೆಗಳನ್ನೂ ಒರೆಸಬೇಕು. ಇದು ಗ್ರಹೈಕತ್ವನ್ಯಾಯ. ಪಶುವಿನಿಂದ ಯಾಗವನ್ನು ಮಾಡಬೇಕೆಂಬಲ್ಲಿ ಪಶುವು ಯಾಗದ ಸಾಧನವಾಗಿ ಉಪಾದೇಯವಾದುದು. ಅಲ್ಲಿ ಏಕತ್ವವು ವಿವಕ್ಷಿತವೇ ಆಗಿದ್ದು ಎರಡನ್ನು ತಂದರೆ ವಿಧಿಯು ನೆರವೇರದು. ಇದು ಪಶ್ವೇಕತ್ವನ್ಯಾಯ. ಪ್ರದರ್ಶನದ ಪಟ್ಟಿಗೆ ಇವನ್ನು ಹೊಂದಿಸಿ ನೋಡಿರಿ. ‘ಸ್ಪರ್ಧಿಯು ತನ್ನ ತಟ್ಟೆಯನ್ನು ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಇಡತಕ್ಕದ್ದು’ ಎಂದರೆ ಮೂರು ತಟ್ಟೆಗಳಿದ್ದವನು ಮೂರನ್ನೂ ಆ ವೇಳೆಯೊಳಗೆ ಇಡಬೇಕು. ‘ಬದನೆಯ ಕಾಯಿ, ಆರು’ ಎಂದರೆ ಕಾಯಿಗಳೇ ಸ್ಪರ್ಧೆಯ ಸಾಧನವಾದುದರಿಂದ ಐದೂ ಆಗದು, ಏಳೂ ಆಗದು. ಇದಕ್ಕೆ ಲೌಕಿಕವಾದ ಕಾರಣವೂ ಸ್ಪಷ್ಟ: ಒಂದೇ ಬಗೆಯ ಆರು ಕಾಯಿಗಳನ್ನು ಹೊಂದಿಸುವುದಕ್ಕಿಂತ ನಾಲ್ಕನ್ನು ಹೊಂದಿಸುವುದು ಸುಲಭ, ಸಂಖ್ಯೆಯು ಸಮಾನವಾಗಿಲ್ಲದಿದ್ದರೆ ತಾರತಮ್ಯವನ್ನು ಹೇಳುವುದಕ್ಕೆ ಆಧಾರವೇ ಇರದು.

ಎರಡನೆಯ ಗೊಂದಲವು ಜಾತಿ ಮತ್ತು ಪ್ರಭೇದಗಳಿಗೆ ಸಂಬಂಧಪಟ್ಟುದು. ‘ಮೂರು ಜಾತಿಯ ತರಕಾರಿ’ ಎಂದರೆ ಬದನೆ, ಬೆಂಡೆ, ಹುರುಳಿಕಾಯಿ ಹೀಗೆ ಮೂರು ಬೇರೆ ಬೇರೆ ಜಾತಿಗಳು ಬೇಕು. ‘ಬದನೆಯ ಮೂರು ತಳಿಗಳು’ ಎಂದರೆ ಜಾತಿಯೊಂದೇ ಇದ್ದು ಅವಾಂತರಭೇದಗಳು ಮೂರಾಗಿರಬೇಕು. ಮೂರನೆಯದು ರೂಢಿಯ ಪ್ರಾಬಲ್ಯ. ಸಸ್ಯಶಾಸ್ತ್ರದ ದೃಷ್ಟಿಯಿಂದ ಟೊಮೇಟೊ, ಸೌತೆ, ಬದನೆಗಳು ಫಲಗಳೇ. ಆದರೂ ಅವುಗಳ ಸ್ಥಾನವು ತರಕಾರಿಯ ವಿಭಾಗದಲ್ಲಿ. ಅವಯವಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

೩. ಗುಣದೋಷವಿವೇಚನೆ

ಪರೀಕ್ಷಕರು ನೋಡುವ ಗುಣಗಳು ಮುಖ್ಯವಾಗಿ ನಾಲ್ಕು: ತಾಜಾತನವೂ ನಿರ್ದೋಷತೆಯೂ ಸೇರಿದ ಸುಸ್ಥಿತಿ, ಏಕರೂಪತೆ, ಗಾತ್ರ, ಬಣ್ಣ. ಇವುಗಳಲ್ಲಿ ಗಾತ್ರವೊಂದೇ ಪ್ರಧಾನವೆಂದು ಹೊಸಬರು ಭ್ರಮಿಸುವರು. ಐದು ಕಾಯಿಗಳು ಸಮವಾಗಿದ್ದು ಆರನೆಯದು ಅವಕ್ಕಿಂತ ದೊಡ್ಡದಾಗಿದ್ದರೆ ಆ ದೊಡ್ಡತನವೇ ತಟ್ಟೆಗೆ ದೋಷ. ತುಸು ಸಣ್ಣದಾದರೂ ಒಂದನ್ನೊಂದು ಹೋಲುವ ಎಳೆಯ ಕಾಯಿಗಳು ಬಲಿತ ದೊಡ್ಡ ಕಾಯಿಗಳನ್ನು ಗೆಲ್ಲುವುದುಂಟು. ತರಕಾರಿಯು ತಿನ್ನತಕ್ಕ ವಸ್ತುವಾದುದರಿಂದ, ತಿನ್ನುವುದಕ್ಕೆ ಯೋಗ್ಯವಾದ ಅವಸ್ಥೆಯೇ ಅದರ ಪರಮಗುಣವು.

ಬದನೆಯಲ್ಲಿ ತೊಟ್ಟು ಹಸಿರಾಗಿಯೂ ಸಿಪ್ಪೆಯು ಹೊಳಪಾಗಿಯೂ ಇರಬೇಕು. ಟೊಮೇಟೊವನ್ನು ತೊಟ್ಟಿನೊಡನೆಯೇ ಇಡಬೇಕು. ಹುರುಳಿಕಾಯಿಯು ನೇರವಾಗಿದ್ದು, ಮುರಿದರೆ ಲಟಕ್ಕೆಂದು ಮುರಿಯಬೇಕು. ಒಳಗಿನ ಬೀಜವು ಹೊರಗೆ ಉಬ್ಬಿ ಕಾಣಬಾರದು. ಮೂಲಂಗಿ, ಗಜ್ಜರಿಗಳನ್ನು ಮೃದುವಾದ ಬಟ್ಟೆಯಿಂದ ನೀರಿನಲ್ಲಿ ತೊಳೆಯಬೇಕೇ ಹೊರತು ಉಜ್ಜಬಾರದು. ಉಜ್ಜಿದರೆ ಸಿಪ್ಪೆಯು ಗೀರಿ ಕಪ್ಪಾಗುವುದು. ದ್ರಾಕ್ಷಿಯ ಮೇಲಿರುವ ಬೂದಿಯಂತಹ ಸಹಜವಾದ ಪೊರೆಯನ್ನು ಒರೆಸಬಾರದು. ಅದು ಕೈ ಸೋಕದಿರುವುದಕ್ಕೆ ಪ್ರಮಾಣ.

ಹೂವುಗಳನ್ನು ಹಿಂದಿನ ದಿನದ ಸಂಜೆಯಲ್ಲಾಗಲಿ ಅಂದಿನ ಮುಂಜಾವದಲ್ಲಾಗಲಿ ಕೊಯ್ಯಬೇಕು. ಬಿಸಿಲೇರಿದ ಮೇಲೆ ಕೊಯ್ದ ಹೂವಿನಲ್ಲಿ ನೀರಿನ ಅಂಶವು ಕಡಿಮೆಯಾಗಿದ್ದು ಬೇಗನೆ ಬಾಡುವುದು. ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ತಂಪಾದ ನೆರಳಿನಲ್ಲಿ ಆಳವಾದ ನೀರಿನಲ್ಲಿ ನಿಲ್ಲಿಸಬೇಕು. ಗುಲಾಬಿಯನ್ನು ಪೂರ್ಣವಾಗಿ ಅರಳುವ ಮೊದಲೇ ಆರಿಸುವುದು ಒಳ್ಳೆಯದು. ಪ್ರದರ್ಶನಶಾಲೆಯ ಸೆಕೆಯಲ್ಲಿ ಅದು ತಾನಾಗಿಯೇ ಅರಳುವುದು.

೪. ಕಾಲನಿರ್ಣಯ

ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸುವುದೇ ಇಲ್ಲಿಯ ಜ್ಯೋತಿಷ. ಬದನೆಯ ಸಸಿಯು ಒಟ್ಟಲಿನಲ್ಲಿ ಸುಮಾರು ಒಂದು ತಿಂಗಳಿದ್ದು, ನಾಟಿಯಾದ ಮೇಲೆ ಕಾಯಿ ಕೊಡಲು ಮತ್ತೆರಡು ತಿಂಗಳಿಗೆ ಮೇಲ್ಪಟ್ಟು ಹಿಡಿಯುವುದರಿಂದ, ಜನವರಿಯ ಪ್ರದರ್ಶನಕ್ಕೆ ಸೆಪ್ಟೆಂಬರಿನ ಕೊನೆಯಲ್ಲಿಯೇ ಬೀಜವನ್ನು ಹಾಕಬೇಕು. ಹುರುಳಿಕಾಯಿಗೆ ಸುಮಾರು ಎರಡು ತಿಂಗಳು ಸಾಕು. ವಾರಕ್ಕೊಂದು ಸಾಲಿನಂತೆ ಮೂರು ಬಾರಿ ಬಿತ್ತಿದರೆ ಒಂದಲ್ಲ ಒಂದು ಸಾಲು ಹದಕ್ಕೆ ಬಂದಿರುವುದು. ಸೇವಂತಿಗೆಯು ಹಗಲು ಕುಗ್ಗಿ ಇರುಳು ಹೆಚ್ಚುವ ಕಾಲದಲ್ಲಿ ಮೊಗ್ಗಾಗುವ ಸಸ್ಯವಾದುದರಿಂದ ಚಳಿಗಾಲದ ಪ್ರದರ್ಶನಕ್ಕೆ ಸಹಜವಾಗಿ ಒದಗುವುದು. ಆಗಸ್ಟಿನಲ್ಲಿ ಅದನ್ನು ನಿರೀಕ್ಷಿಸುವುದು ವ್ಯರ್ಥ. ದೊಡ್ಡ ಹೂವು ಬೇಕಾದವನು ದಂಟಿಗೆ ತುದಿಯ ಮೊಗ್ಗೊಂದನ್ನುಳಿಸಿ ಪಕ್ಕದ ಮೊಗ್ಗುಗಳನ್ನು ಚಿವುಟಬೇಕು.

೫. ಸ್ವಕೃಷಿ ಮತ್ತು ತಳಿಯ ರಕ್ಷಣೆ

‘ಸ್ವಂತ ಹಿತ್ತಿಲಿನಲ್ಲಿ ಬೆಳೆದುದು’ ಎಂಬ ಮಾತು ಪರಿಸಂಖ್ಯಾವಿಧಿ. ಅದರ ತಾತ್ಪರ್ಯವು ಇತರವನ್ನು ನಿವಾರಿಸುವುದರಲ್ಲಿದೆ. ಕೊಂಡುದು, ಎರವಲು ತಂದುದು ಇವೆಲ್ಲ ಅದರಿಂದ ಹೊರಗಾದುವು. ಕುಂಡದ ಗಿಡಗಳ ವಿಷಯದಲ್ಲಿ, ಸ್ಪರ್ಧೆಗೆ ಕೆಲವು ತಿಂಗಳ ಮುಂಚಿನಿಂದ ಅವು ಸ್ಪರ್ಧಿಯ ಪೋಷಣೆಯಲ್ಲಿ ಇದ್ದಿರಬೇಕೆಂದು ಅನೇಕ ಸಂಘಗಳು ವಿಧಿಸುವುದು ಇದೇ ಉದ್ದೇಶದಿಂದ. ಆದರೆ ಈ ನಿಯಮವನ್ನು ಪರೀಕ್ಷಕರು ಕಣ್ಣಿನಿಂದ ಕಾಣಲಾರರು. ತಟ್ಟೆಯ ಮೇಲಿನ ಕಾಯಿಯು ತಾನೆಲ್ಲಿ ಹುಟ್ಟಿತೆಂದು ಹೇಳದು. ಇಲ್ಲಿ ಸ್ಪರ್ಧಿಯ ಮಾತೊಂದೇ ಪ್ರಮಾಣ.

ಏಳು ಕಾಯಿಗಳ ಪ್ರಸಂಗದ ಮರುವರ್ಷ ನಾನು ಎಚ್ಚರಿಕೆಯಿಂದ ಆರನ್ನು ಹೊಂದಿಸಿದ್ದೆನು. ಹಿಂದಿನ ದಿನದ ಸಂಜೆ ಒಂದರಲ್ಲಿ ಹುಳುವಿನ ತೂತು ಕಂಡಿತು. ಗಿಡದಲ್ಲಿ ಅದಕ್ಕೆ ಹೊಂದುವ ಬೇರೊಂದು ಕಾಯಿಯಿರಲಿಲ್ಲ. ಬೀದಿಯ ಕೊನೆಯ ತರಕಾರಿಯ ಗಾಡಿಯಲ್ಲಿ ತದ್ರೂಪವಾದುದೊಂದಿತ್ತು. ಐದು ನನ್ನವಾಗಿರುವಾಗ ಒಂದಕ್ಕೇನೆಂದು ಮನಸ್ಸು ಹೊಯ್ದಾಡಿದುದನ್ನು ಇಲ್ಲಿ ಮರೆಮಾಚುವುದಿಲ್ಲ. ಆಗ ನಮ್ಮ ಮನೆಯವರು, “ಇದು ಯಾವ ಗಿಡದ ಕಾಯಿ ಎಂದು ನಾಳೆ ಮೊಮ್ಮಗಳು ಕೇಳಿದರೆ ಯಾವುದನ್ನು ತೋರಿಸುತ್ತೀರಿ?” ಎಂದರು. ಆ ವರ್ಷ ಬದನೆಯ ವಿಭಾಗದಲ್ಲಿ ನಮ್ಮ ತಟ್ಟೆಯಿರಲಿಲ್ಲ. ಆ ಐದನ್ನೂ ಪಲ್ಯಮಾಡಿ ಉಂಡೆವು.

ಇನ್ನು ಮುಖ್ಯವಿಷಯಕ್ಕೆ ಬರುವೆನು. ಪರೀಕ್ಷೆಯು ಯಾವ ಗುಣವನ್ನು ಅಳೆಯುವುದೋ ಜನರು ಅದನ್ನೇ ಬೆಳೆಯತೊಡಗುವರು. ಏಕರೂಪತೆಗೂ ಗಾತ್ರಕ್ಕೂ ಮನ್ನಣೆಯಿರುವಲ್ಲಿ ಅಂಗಡಿಯ ಸಂಕರಬೀಜವನ್ನು ಬಿತ್ತಿದವನಿಗೆ ಅನುಕೂಲವು ಹೆಚ್ಚು. ಅಜ್ಜಿಯು ಬೂದಿಯಲ್ಲಿ ಹೊರಳಿಸಿ ಕಾಪಾಡಿದ ನಾಟಿಬೀಜದ ಕಾಯಿಗಳಲ್ಲಿ ಸ್ವಲ್ಪ ವೈಷಮ್ಯವಿರುವುದು ಸ್ವಾಭಾವಿಕ. ಎಲ್ಲ ಬದನೆಗಳಿಗೂ ಒಂದೇ ಲಕ್ಷಣವನ್ನು ಹೇಳುವುದೂ ಸರಿಯಲ್ಲ. ಉಡುಪಿಯ ಬಳಿಯ ಮಟ್ಟುವಿನ ಗುಳ್ಳವು ದುಂಡಾಗಿದ್ದು ತಿಳಿಹಸಿರು ಬಣ್ಣದಲ್ಲಿ ಬಿಳಿಯ ಗೆರೆಗಳನ್ನು ಹೊಂದಿರುವುದು. ಅದು ಶ್ರೀವಾದಿರಾಜರ ಪ್ರಸಾದವೆಂಬ ಐತಿಹ್ಯವುಂಟು. ನೇರಳೆಯ ಬಣ್ಣವಿಲ್ಲವೆಂದು ಅದಕ್ಕೆ ಅಂಕವನ್ನು ಕಳೆದರೆ, ಗೋವಿಗೆ ಕೇಸರವಿಲ್ಲವೆಂದು ದೂಷಿಸಿದಂತಾಗುವುದು. ಪ್ರತಿಯೊಂದು ತಳಿಯನ್ನೂ ಅದರದೇ ಲಕ್ಷಣದಿಂದ ಪರೀಕ್ಷಿಸುವುದೇ ನ್ಯಾಯ. ಮಟ್ಟುಗುಳ್ಳ, ದೇವನಹಳ್ಳಿಯ ಚಕ್ಕೋತ, ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆ ಮೊದಲಾದುವಕ್ಕೆ ಸರ್ಕಾರದ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿದೆ. ಆದರೆ ಮಾನ್ಯತೆಯ ಪತ್ರವೊಂದರಿಂದಲೇ ತಳಿಯು ಉಳಿಯದು. ಸೊರಗುರೋಗದಿಂದ ರಸಬಾಳೆಯ ತೋಟಗಳು ಬಹಳವಾಗಿ ಕ್ಷೀಣಿಸಿದುದನ್ನು ಕಂಡಿರುವೆವು. ಯಾರಾದರೊಬ್ಬರು ಬೆಳೆಯುತ್ತಿದ್ದರೆ ಮಾತ್ರ ತಳಿಯು ಉಳಿಯುವುದು.

ಆದಕಾರಣ ಸ್ಥಳೀಯ ಸಂಘಗಳವರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಪಟ್ಟಿಯಲ್ಲಿ ನಾಟಿತಳಿಗಳಿಗೆ ಒಂದು ಪ್ರತ್ಯೇಕವಿಭಾಗವಿರಲಿ. ಅದರಲ್ಲಿ ಕಾಯಿಗಳೊಡನೆ ಒಂದು ಹಿಡಿ ಬೀಜವನ್ನೂ, ಆ ಬೀಜವು ಯಾರಿಂದ ಯಾರಿಗೆ ಬಂದಿತೆಂಬ ನಾಲ್ಕು ಸಾಲಿನ ಬರಹವನ್ನೂ ಇಡುವ ನಿಯಮವಿರಲಿ. ಪ್ರದರ್ಶನವು ಮುಗಿದ ಮೇಲೆ ಆ ಬೀಜವನ್ನು ಕೇಳಿದವರಿಗೆ ಹಂಚಲಿ. ಆರಂಭದಲ್ಲಿ ಹೇಳಿದ ದೊಡ್ಡ ಪ್ರಯೋಜನವು ಇದೇ: ನಾಲ್ಕು ದಿನದಲ್ಲಿ ತಟ್ಟೆಯ ಕಾಯಿಯು ಬಾಡುವುದು, ಹಂಚಿದ ಬೀಜವು ಹತ್ತು ಹಿತ್ತಿಲುಗಳಲ್ಲಿ ಮೊಳೆಯುವುದು. ಅಂತಹ ವಿಭಾಗದಲ್ಲಿ ಆರು ಕಾಯಿಗಳನ್ನು ಸರಿಯಾಗಿ ಎಣಿಸಿಟ್ಟು, ಮೇಲೊಂದನ್ನು ಸೇರಿಸುವ ವಾಡಿಕೆಯನ್ನು ಬೀಜದ ಹಿಡಿಯಲ್ಲಿ ನಡೆಯಿಸಿದರೆ ನಿಯಮಕ್ಕೂ ಭಂಗವಿಲ್ಲ, ಸಂಪ್ರದಾಯಕ್ಕೂ ಲೋಪವಿಲ್ಲ.