ಚಾರಣಕ್ಕೆ ಹೊರಟ ನಾಯಿಯ ಆರೋಗ್ಯ

ಶನಿವಾರ, ಭಾನುವಾರಗಳೊಡನೆ ಹಬ್ಬದ ರಜೆಯೊಂದು ಕೂಡಿಬಂದಾಗ ಮುಂಬಯಿ, ಪುಣೆಗಳ ಕನ್ನಡ ಕುಟುಂಬಗಳಲ್ಲಿ ಕೆಲವು ಸಹ್ಯಾದ್ರಿಯ ಕಡೆಗೆ ಹೊರಡುವುದುಂಟು. ರಾಜಮಾಚಿಯಂತಹ ಗಿರಿದುರ್ಗದ ಬಳಿ ಎರಡು ರಾತ್ರಿ ಗುಡಾರ ಹಾಕಿ ತಂಗುವಾಗ ಮನೆಯ ನಾಯಿಯೂ ಜೊತೆಗಿದ್ದರೆ ಮಕ್ಕಳ ಆನಂದಕ್ಕೆ ಎಣೆಯಿಲ್ಲ. ಆದರೆ ದಣಿದ ಮಗು ಅಳುತ್ತದೆ, ದಣಿದ ಮನುಷ್ಯ ಕುಳಿತುಬಿಡುತ್ತಾನೆ; ನಾಯಿಯಾದರೋ ಕುಸಿದು ಬೀಳುವವರೆಗೂ ಒಡೆಯನ ಹಿಂದೆ ನಡೆಯಬಲ್ಲದು. ಆದುದರಿಂದ ಎಲ್ಲಿ ನಿಲ್ಲಬೇಕೆಂಬ ನಿರ್ಧಾರ ಒಡೆಯನದೇ ಆಗಿರಬೇಕು.

ಮನುಷ್ಯನ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ದೇಹ ತಂಪಾಗುತ್ತದೆ. ನಾಯಿಗೆ ಈ ಅನುಕೂಲವಿಲ್ಲ. ಅದರ ಬೆವರು ಬಹುತೇಕ ಅಂಗಾಲುಗಳಿಗೆ ಸೀಮಿತ. ನಾಲಗೆ ಚಾಚಿ ತೇಕುವುದೇ ಅದರ ಮುಖ್ಯ ಉಪಾಯ: ಬಾಯಿ, ಮೂಗುಗಳ ತೇವ ಆವಿಯಾಗಿ ಶಾಖವು ಹೊರಹೋಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಈ ಉಪಾಯವೂ ಫಲಿಸದು. ಆದಕಾರಣ ಮೋಡ ಕವಿದ ದಿನವೂ ನಿರಪಾಯಕರವಲ್ಲ. ಪಗ್, ಬುಲ್‌ಡಾಗ್‌ಗಳಂತಹ ಮೊಂಡುಮೂಗಿನ ತಳಿಗಳಿಗೂ, ಬೊಜ್ಜು ಬೆಳೆದ ಮತ್ತು ಮುಪ್ಪಾದ ನಾಯಿಗಳಿಗೂ ಅಪಾಯ ಅಧಿಕ.

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿಯನ್ನು ದಾಟಿದರೆ ಉಷ್ಣಾಘಾತವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ನಿಂತರೂ ಶಮನವಾಗದ ತೇಕು, ಅಂಟು ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ, ವಾಂತಿ ಇವು ಮುನ್ಸೂಚನೆಗಳು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆ ಬಟ್ಟೆ ಹೊದಿಸಿಡುವುದು ತರವಲ್ಲ. ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಪಶುವೈದ್ಯರಲ್ಲಿಗೆ ಕೊಂಡೊಯ್ಯುವುದು ಸರಿಯಾದ ಕ್ರಮ.

ತಡೆಯುವ ಮಾರ್ಗ ಇದಕ್ಕಿಂತ ಸುಲಭ. ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಕೆಲವು ವಾರ ಮುಂಚಿನಿಂದ ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲು ತಂಗಬೇಕು. ಅದರ ಪಾಲಿನ ನೀರನ್ನು ಬೇರೆಯಾಗಿಯೇ ಒಯ್ಯಬೇಕು. ಅಂಗೈಯ ಹಿಂಭಾಗವನ್ನು ಬಂಡೆಯ ಮೇಲೆ ಐದು ಸೆಕೆಂಡು ಇಡಲಾಗದಿದ್ದರೆ ಆ ಬಂಡೆ ನಾಯಿಯ ಪಾದಕ್ಕೂ ಸಲ್ಲದು.

ನಾಯಿಯ ಆರೋಗ್ಯಕ್ಕೂ ಮನೆಯವರ ಆರೋಗ್ಯಕ್ಕೂ ನಿಕಟ ಸಂಬಂಧವಿದೆ. ನಿಂತ ನೀರನ್ನು ಕುಡಿದ ನಾಯಿಗೆ ಇಲಿಜ್ವರ ತಗುಲಬಹುದು; ಅದರ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ಇಲಿಜ್ವರ ಮತ್ತು ರೇಬೀಸ್‌ಗಳ ಚುಚ್ಚುಮದ್ದು ಹೊರಡುವ ಮೊದಲೇ ಆಗಿರಬೇಕು. ದಾರಿಯಲ್ಲಿ ಬೀದಿನಾಯಿ ಮನುಷ್ಯರನ್ನು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು.

ರಜೆಗೆಂದು ಊರಿನ ಮಲೆನಾಡಿಗೆ ಹೋಗುವವರು ಉಣುಗಿನ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದಲೇ. ರೋಗವಿರುವ ಕಾಡಿಗೆ ಚಳಿಗಾಲ, ಬೇಸಗೆಗಳಲ್ಲಿ ನಾಯಿಯೊಡನೆ ಹೋಗದಿರುವುದೇ ಲೇಸು. ಬೇರೆಡೆಯಲ್ಲಿಯೂ ಪ್ರತಿ ಸಂಜೆ ನಾಯಿಯ ಕಿವಿ, ಕುತ್ತಿಗೆ, ಬೆರಳಸಂದುಗಳನ್ನು ಪರೀಕ್ಷಿಸಿ, ಉಣುಗಿದ್ದರೆ ಚಿಮುಟದಿಂದ ಚರ್ಮದ ಸನಿಹದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ರಾತ್ರಿ ನಾಯಿಯನ್ನು ಗುಡಾರದ ಹೊರಗೆ ಕಟ್ಟಬಾರದು. ಚಿರತೆಗೆ ನಾಯಿ ಸುಲಭದ ಬೇಟೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗಂತೂ ಸಾಕುನಾಯಿಯನ್ನು ಒಯ್ಯಲೇಬಾರದು. ಅದರ ರೋಗಗಳು ವನ್ಯಪ್ರಾಣಿಗಳಿಗೆ ತಗುಲುವ ಭಯವಿದೆ.

ಶಿಖರವನ್ನು ಮುಟ್ಟಲೇಬೇಕೆಂಬ ಹಟ ಮನುಷ್ಯನದು, ನಾಯಿಯದಲ್ಲ. ಅದಕ್ಕೆ ಬೇಕಾದುದು ಒಡೆಯನ ಸಂಗ ಮಾತ್ರ. ಅದು ಅರ್ಧ ದಾರಿಯಲ್ಲಿ ತೇಕುತ್ತ ನಿಂತರೆ, ಅಲ್ಲಿಂದಲೇ ಹಿಂದಿರುಗುವುದು ವಿವೇಕ.