ಸಮುದ್ರದ ಭಯಕ್ಕೆ ಎಷ್ಟು ಪಾಯಿಂಟು?

ಕಥೆಗೊಬ್ಬ ಹೀರೊ ಬೇಕು, ಅವನನ್ನು ನೀವೇ ಕಟ್ಟಬೇಕು. ಕೈಯಲ್ಲಿ 100 ಪಾಯಿಂಟ್ ಇದೆ. ಶಕ್ತಿ, ಬುದ್ಧಿ, ಚುರುಕುತನ, ಆರೋಗ್ಯ ಎಲ್ಲಕ್ಕೂ ಒಂದೊಂದು ರೇಟು. ಸಾಲದೇ ಬಂದರೆ ಮುಂಗೋಪ, ಕುಂಟು ಕಾಲು, ಸಮುದ್ರದ ಭಯ ಅಂತ ಒಂದೆರಡು ಕೊರತೆ ಬರೆದುಕೊಳ್ಳಿ, ಅಷ್ಟು ಪಾಯಿಂಟ್ ವಾಪಸ್ ಸಿಗುತ್ತದೆ. 1986ರಲ್ಲಿ ಸ್ಟೀವ್ ಜಾಕ್ಸನ್ ರೂಪಿಸಿದ ‘ಗರ್ಪ್ಸ್’ ಎಂಬ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಶುರುವಾಗುವುದೇ ಹೀಗೆ. ಇದಕ್ಕೆ ಕಂಪ್ಯೂಟರ್ ಬೇಡ. ದಾಳ, ಪೆನ್ಸಿಲ್, ಹಾಳೆ, ನಾಲ್ಕೈದು ಜನ ಗೆಳೆಯರು ಇದ್ದರೆ ಆಯ್ತು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಆಡುತ್ತಾರೆ.

1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್‌’ನಲ್ಲಿ ಇದೆಲ್ಲ ಹಣೆಬರಹ. ಒಂದೊಂದು ಗುಣಕ್ಕೂ ಮೂರು ದಾಳ ಉರುಳಿಸಬೇಕು. 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ನಮ್ಮ ಹಾಸ್ಟೆಲ್ ಗುಂಪು ಮೊದಲು ಆಡಿದ್ದು ಈ ಪದ್ಧತಿಯಲ್ಲೇ. ಒಬ್ಬ ಗೆಳೆಯನಿಗೆ ಆರು ಗುಣಗಳಲ್ಲಿ ಒಂದೂ 11 ದಾಟಲಿಲ್ಲ. ಮೂರು ಶನಿವಾರ ಅವನ ಪಾತ್ರ ಪಂಜು ಹಿಡಿದುಕೊಂಡು ಉಳಿದವರ ಹಿಂದೆ ನಡೆಯಿತು. ನಾಲ್ಕನೇ ವಾರ ಕರೆದರೆ ‘ಇಂಟರ್ನಲ್ಸ್ ಇದೆ ಮಗಾ’ ಅಂದ. ಇಂಟರ್ನಲ್ಸ್ ನಮಗೂ ಇತ್ತು.

ಹಾಗಾಗಿ ಪಾಯಿಂಟ್ ಪದ್ಧತಿಗೆ ಬಂದೆವು. ಎಲ್ಲರಿಗೂ ಸಮಾನವಾಗಿ ನೂರು. ಆದರೆ ಸಮಾನ ಅನ್ನುವುದು ಅಷ್ಟು ಸುಲಭವಲ್ಲ ನೋಡಿ. ಚಾಲಾಕಿಯೊಬ್ಬ ಸಮುದ್ರದ ಭಯ ಬರೆದು ಪಾಯಿಂಟ್ ಗಿಟ್ಟಿಸಿಕೊಂಡ. ಕಥೆ ನಡೆಯುತ್ತಿದ್ದದ್ದು ಮರುಭೂಮಿಯಲ್ಲಿ! ಇಂಟರ್‌ವ್ಯೂನಲ್ಲಿ ವೀಕ್‌ನೆಸ್ ಕೇಳಿದರೆ ‘ಕೆಲಸಕ್ಕೆ ಕೂತರೆ ಊಟವೂ ನೆನಪಾಗಲ್ಲ ಸರ್’ ಅಂತೀವಲ್ಲ, ಅದೇ ಜಾತಿಯ ಕೊರತೆ ಇದು.

ಗೇಮ್ ರೂಪಿಸಿದವರಿಗೆ ಇದು ಗೊತ್ತಿಲ್ಲವೆಂದಲ್ಲ. ಗರ್ಪ್ಸ್‌ನ ಮೂರನೇ ಆವೃತ್ತಿ ಕೊರತೆಗಳಿಗೆ 40 ಪಾಯಿಂಟ್ ಮಿತಿ ಹಾಕಿತ್ತು. ಅದರಲ್ಲಿ ನಾಲ್ಕೂ ಮೂಲ ಗುಣಗಳಿಗೆ ಒಂದೇ ದರ. ಆದರೆ ಬುದ್ಧಿ ಒಂದು ಮೆಟ್ಟಿಲು ಏರಿದರೆ ಅದನ್ನು ನೆಚ್ಚಿದ ಹತ್ತಾರು ಕೌಶಲಗಳೂ ಜೊತೆಗೇ ಏರುತ್ತವೆ, ಚುರುಕುತನವೂ ಹಾಗೆಯೇ. ಹೀಗಾಗಿ 2004ರ ನಾಲ್ಕನೇ ಆವೃತ್ತಿಯಲ್ಲಿ ಇವೆರಡಕ್ಕೆ ಮೆಟ್ಟಿಲಿಗೆ 20, ಶಕ್ತಿ ಮತ್ತು ಆರೋಗ್ಯಕ್ಕೆ 10 ಎಂದಾಯಿತು. ಲೆಕ್ಕ ಚೆನ್ನಾಗಿದೆ. ಆದರೂ ಸಮುದ್ರದ ಭಯದ ಬೆಲೆ ಯಾವ ಟೇಬಲ್‌ನಲ್ಲೂ ಸರಿಹೋಗುವುದಿಲ್ಲ ಅನ್ನಿಸುತ್ತದೆ. ಆ ಬೆಲೆ ನಿರ್ಧಾರವಾಗುವುದು ಕಥೆಯಲ್ಲಿ ಸಮುದ್ರ ಎದುರಾದಾಗಲೇ ತಾನೆ?

2013ರ ‘ಫೇಟ್ ಕೋರ್’ ಈ ಗಂಟನ್ನು ಬೇರೆ ಥರ ಬಿಡಿಸಿದೆ. ಅಲ್ಲಿ ಕೊರತೆಗೆ ಮುಂಗಡವಿಲ್ಲ. ಆಟದ ನಡುವೆ ಅದು ನಿಮ್ಮನ್ನು ಪೇಚಿಗೆ ಸಿಲುಕಿಸಿದಾಗ ಮಾತ್ರ ಒಂದು ಪಾಯಿಂಟ್ ಕೈಗೆ ಬರುತ್ತದೆ. ನಾವು ಈ ನಿಯಮವನ್ನು ಎರವಲು ತಂದೆವು. ಪಂಜು ಹಿಡಿದಿದ್ದ ಗೆಳೆಯನನ್ನೂ ಒತ್ತಾಯ ಮಾಡಿ ಎಳೆದು ತಂದೆವು. ಅವನು ಹೊಸ ಪಾತ್ರಕ್ಕೆ ಬರೆದುಕೊಂಡ ಕೊರತೆ ಒಂದೇ: ಯಾರು ಏನು ಕೇಳಿದರೂ ಇಲ್ಲ ಅನ್ನಲಾರ.

ಕಳೆದ ಶನಿವಾರ ಅದೇ ಮರುಭೂಮಿಯಲ್ಲಿ, ನಮ್ಮ ಬಳಿ ಇದ್ದ ಒಂದೇ ಒಂದು ನೀರಿನ ಚೀಲವನ್ನು ಯಾರೋ ದಾರಿಹೋಕನಿಗೆ ಕೊಟ್ಟುಬಿಟ್ಟ. ನಾವೆಲ್ಲ ತಲೆ ಚಚ್ಚಿಕೊಂಡೆವು. ಅವನು ನಗುತ್ತಾ ತನ್ನ ಪಾಯಿಂಟ್ ಎತ್ತಿಕೊಂಡ. ರಾತ್ರಿ ಎರಡರವರೆಗೆ ಕಥೆ ಅವನ ಸುತ್ತಲೇ ತಿರುಗಿತು. ಆ ದಾರಿಹೋಕ ಯಾರೆಂಬುದು ಈ ವಾರ ಗೊತ್ತಾಗಬೇಕು.