ಬಿಸಿಯೂಟ ಎಲ್ಲರಿಗೂ ಏಕೆ?

ಪ್ರಶ್ನೆ: ಬಿಸಿಯೂಟವನ್ನು ಬಡ ಮಕ್ಕಳಿಗಷ್ಟೇ ಕೊಟ್ಟರೆ ಸಾಲದೇ?
– ಓದುಗರು, ಗೋಕುಲಂ, ಮೈಸೂರು

ಉತ್ತರ: ಸಾಲದು. ಬಡವರನ್ನಷ್ಟೇ ಆರಿಸಿ ಬಡಿಸಿದರೆ ಪಂಕ್ತಿಯಲ್ಲಿ ಕೂತ ಮಗುವಿನ ಬಡತನ ಎಲ್ಲರೆದುರು ಬಯಲಾಗುತ್ತದೆ. ಹಸಿದ ಮಗುವೇ ನಾಚಿ ತಟ್ಟೆ ಹಿಡಿಯುವುದನ್ನು ಬಿಡುತ್ತದೆ. ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನಿರುವ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷವೇ ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಬಿಸಿ ಹಾಲು, ಆಮೇಲೆ ಮೊಟ್ಟೆ, ಬಾಳೆಹಣ್ಣು ಸೇರಿದವು. ಉಳ್ಳವರಿಗೂ ತೆರಿಗೆ ಹಣವೇ ಎಂದು ಕೇಳಬಹುದು. ಆದರೆ ಅನುಕೂಲಸ್ಥರು ಬಹುಪಾಲು ಖಾಸಗಿ ಶಾಲೆ ಹಿಡಿದಿದ್ದಾರೆ. ಉಳಿದ ಕೆಲವರನ್ನು ಹೆಕ್ಕಿ ತೆಗೆಯುವ ಪ್ರಮಾಣಪತ್ರ, ತಪಾಸಣೆಗಳ ರಗಳೆಗಿಂತ ಒಂದು ಸೌಟು ಸಾಂಬಾರೇ ಅಗ್ಗ. ನನ್ನ ಚಿಂತೆ ಬೇರೆ: ತರಕಾರಿ, ಎಣ್ಣೆಯ ಬೆಲೆ ಏರಿದಂತೆ ಅನುದಾನವೂ ಏರದಿದ್ದರೆ ಆ ಸಾಂಬಾರು ನೀರಾಗುತ್ತದೆ.